ಮ್ಯೂಸಿಯಂಗೆ ಬಂದ ಮುಯ್ಯಿ

ಲೀ ಮಿಂಗ್‌ವೇ ಅವರ ಎದುರು ಕೂರಬೇಕಾದರೆ ಒಂದು ಹರಿದ ಬಟ್ಟೆ ತೆಗೆದುಕೊಂಡು ಹೋಗಬೇಕು. ತೈವಾನಿನ ತೈಚುಂಗ್‌ನಲ್ಲಿ 1964ರಲ್ಲಿ ಹುಟ್ಟಿದ ಈ ಕಲಾವಿದ 2009ರಿಂದ ಬೇರೆ ಬೇರೆ ದೇಶಗಳಲ್ಲಿ ನಡೆಸಿಕೊಂಡು ಬಂದಿರುವ ‘ಮೆಂಡಿಂಗ್ ಪ್ರಾಜೆಕ್ಟ್’ನ ಏರ್ಪಾಡು ತೀರಾ ಸರಳ. ಒಂದು ಉದ್ದನೆಯ ಮೇಜು, ಎರಡು ಕುರ್ಚಿ, ಗೋಡೆಯ ತುಂಬ ಬಣ್ಣಬಣ್ಣದ ನೂಲಿನ ಉರುಳೆಗಳು. ಬಂದವರು ಬಟ್ಟೆ ಕೊಟ್ಟು ಕೂರುತ್ತಾರೆ. ಕಲಾವಿದರು, ಅವರಿಲ್ಲದಾಗ ಒಬ್ಬ ಸ್ವಯಂಸೇವಕರು, ಮಾತಾಡುತ್ತ ಮಾತಾಡುತ್ತ ಹೊಲಿದುಕೊಡುತ್ತಾರೆ. ನಮ್ಮ ಬೀದಿಯ ದರ್ಜಿ ರಫೂ ಮಾಡುವಾಗ ಹರಿದದ್ದು ಗೊತ್ತಾಗಬಾರದು ಅಂತ ಅದೇ ಬಣ್ಣದ ದಾರ ಹುಡುಕುತ್ತಾನೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಹರಿದ ಜಾಗ ಎದ್ದು ಕಾಣುವ ಹಾಗೆ ಹೊಲಿಗೆ ಬೀಳುತ್ತದೆ.

ಹೊಲಿಗೆ ಮುಗಿದ ಮೇಲೆ ದಾರ ಕತ್ತರಿಸುವುದಿಲ್ಲ. ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಡುತ್ತಾರೆ, ಅದರ ದಾರ ಗೋಡೆಯ ಉರುಳೆಗೆ ಅಂಟಿಕೊಂಡೇ ಇರುತ್ತದೆ. ಒಂದು ವಾರಕ್ಕೆ ಹತ್ತಾರು ದಾರ, ತಿಂಗಳಿಗೆ ಒಂದು ಬಲೆ. ಬಟ್ಟೆಯ ಒಡೆಯರು ಪ್ರದರ್ಶನದ ಕೊನೆಗೆ ಬಂದು ತಮ್ಮದನ್ನು ಒಯ್ಯಬೇಕು. 2017ರ ವೆನಿಸ್ ಬಿನಾಲೆಯಲ್ಲೂ ಇದೇ ಕ್ರಮ ನಡೆಯಿತು.

ಈ ಕೆಲಸದ ಹಿಂದೆ ಒಂದು ಕಥೆ ಇದೆ. 2001ರ ಸೆಪ್ಟೆಂಬರ್ 11ರಂದು ಲೀ ಅವರ ಸಂಗಾತಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಬದುಕಿ ಮನೆಗೆ ಬಂದರು. ಆಮೇಲೆ ಲೀ ಮನೆಯಲ್ಲಿದ್ದ ಹರಿದ ಬಟ್ಟೆಗಳನ್ನೆಲ್ಲ ತೆಗೆದು ಹೊಲಿಯುತ್ತ ಕೂತರಂತೆ. ಕಥೆ ಮನಮುಟ್ಟುವಂಥದ್ದು, ನಿಜ. ಆದರೆ ನನ್ನ ಗಮನ ಸೆಳೆದದ್ದು ಅದಕ್ಕಿಂತ ಹೆಚ್ಚಾಗಿ ಆ ಏರ್ಪಾಡಿನ ಕರಾರುಗಳು. ಏನು ತರಬೇಕು, ಎಷ್ಟು ದಿನ ಬಿಟ್ಟುಹೋಗಬೇಕು, ಯಾವತ್ತು ವಾಪಸು ಸಿಗುತ್ತದೆ, ಅಷ್ಟು ದಿನ ಅದು ಯಾರ ಕಣ್ಣೆದುರು ಇರುತ್ತದೆ, ಎಲ್ಲವೂ ಬಾಗಿಲು ತೆರೆಯುವ ಮುಂಚೆಯೇ ನಿಕ್ಕಿಯಾಗಿರುತ್ತದೆ.

ಜನರಿಂದ ವಸ್ತು ತರಿಸಿಕೊಂಡು, ಅಥವಾ ಜನರಿಗೆ ಏನಾದರೂ ಕೊಟ್ಟು, ಅದನ್ನೇ ಕಲಾಕೃತಿ ಮಾಡುವ ರೂಢಿ ಜಗತ್ತಿನ ಮ್ಯೂಸಿಯಂಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ ‘ಐಕಾಮ್’ 2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿ ಮ್ಯೂಸಿಯಂ ಅಂದರೇನು ಎಂಬುದಕ್ಕೆ ಹೊಸ ವ್ಯಾಖ್ಯೆ ಒಪ್ಪಿಕೊಂಡಾಗ, ಸಮುದಾಯಗಳ ಸಹಭಾಗಿತ್ವ ಎಂಬ ಮಾತು ಅದರೊಳಗೆ ಸೇರಿತು. ಅಲ್ಲಿಂದೀಚೆಗೆ ಪ್ರತಿ ಯೋಜನಾ ವರದಿಯಲ್ಲೂ ‘ಸಹಭಾಗಿತ್ವ’ ಇದ್ದೇ ಇರುತ್ತದೆ. ಬಹಳ ಕಡೆ ಅದು ಗೋಡೆಗೆ ಹಳದಿ ಚೀಟಿ ಅಂಟಿಸುವುದರಲ್ಲಿ ಮುಗಿಯುತ್ತದೆ. ‘ನಿಮ್ಮ ಅನಿಸಿಕೆ ಬರೆಯಿರಿ’ ಎಂಬ ಫಲಕ, ದಾರಕ್ಕೆ ಕಟ್ಟಿದ ಪೆನ್ನು, ಚೀಟಿಯ ಮೇಲೆ ಯಾರದೋ ಪ್ರೇಮಿಯ ಹೆಸರು. ಇದರಿಂದ ಯಾರಿಗೂ ತೊಂದರೆಯಿಲ್ಲ, ಯಾರಿಗೂ ಏನೂ ಆಗುವುದೂ ಇಲ್ಲ. ವಸ್ತು ಕೇಳುವುದು ಮಾತ್ರ ಬೇರೆ ಬಾಬತ್ತು. ಕೇಳಿದ ಕ್ಷಣದಿಂದ ಕೇಳಿದವರು ಋಣದಲ್ಲಿ ಬೀಳುತ್ತಾರೆ. ಆ ಋಣವನ್ನು ಹೇಗೆ ಹೊರುತ್ತೇವೆ, ಯಾವಾಗ ಇಳಿಸುತ್ತೇವೆ ಎಂಬುದನ್ನು ಯೋಚಿಸುವುದೇ ಇಂಥ ಕೃತಿಯ ಮುಕ್ಕಾಲು ಪಾಲು ಕೆಲಸ ಅಂತ ನನಗನ್ನಿಸುತ್ತದೆ.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆಯ ಕುರಿತು ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಪುಕ್ಕಟೆ ಉಡುಗೊರೆ ಎಂಬುದೇ ಇಲ್ಲ, ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕಟ್ಟುಪಾಡುಗಳೇ ಎಂಬುದು ಅವನ ವಾದ. ಪೆಸಿಫಿಕ್ ದ್ವೀಪಗಳ ಉದಾಹರಣೆಗಳಿಗೆ ಪ್ರಸಿದ್ಧವಾದ ಆ ಪ್ರಬಂಧದಲ್ಲಿ ನಮ್ಮ ಮಹಾಭಾರತದ ಅನುಶಾಸನ ಪರ್ವವೂ ಬರುತ್ತದೆ, ನೃಗ ಮಹಾರಾಜನ ಕಥೆಯೂ ಬರುತ್ತದೆ.

ನೃಗನದ್ದು ಹಳ್ಳಿಯ ಹರಿಕಥೆಗಳಲ್ಲಿ ಕೇಳಿದ ಕಥೆ. ಸಾವಿರಾರು ಗೋವುಗಳನ್ನು ದಾನ ಮಾಡಿದ ರಾಜ. ಒಬ್ಬ ಬ್ರಾಹ್ಮಣನಿಗೆ ಕೊಟ್ಟ ಹಸು ದಾರಿತಪ್ಪಿ ಮತ್ತೆ ರಾಜನ ಮಂದೆಗೇ ಸೇರಿಕೊಂಡಿತು. ಗೊತ್ತಾಗದೆ ಅದನ್ನೇ ಇನ್ನೊಬ್ಬನಿಗೆ ದಾನ ಕೊಟ್ಟುಬಿಟ್ಟ. ಇಬ್ಬರೂ ಬಂದು ನಿಂತರು. ಒಂದರ ಬದಲು ಎಷ್ಟು ಹಸು ಕೊಡುತ್ತೇನೆಂದರೂ ಇಬ್ಬರೂ ಒಪ್ಪಲಿಲ್ಲ. ಆ ದೋಷಕ್ಕೆ ನೃಗ ಓತಿಕ್ಯಾತನಾಗಿ ಬಾವಿಯಲ್ಲಿ ಬಿದ್ದಿದ್ದ, ಕೃಷ್ಣ ಬಂದು ಮುಟ್ಟುವ ತನಕ. ಮ್ಯೂಸಿಯಂನ ದಾಖಲಾತಿ ವಿಭಾಗದವರು ಈ ಕಥೆಯನ್ನು ತಮ್ಮ ಕೋಣೆಯಲ್ಲಿ ಬರೆಸಿ ಹಾಕಿಕೊಳ್ಳಬಹುದು. ವಸ್ತು ಕೊಡುತ್ತಿರುವವರು ಅದರ ನಿಜವಾದ ಒಡೆಯರೇ? ಅಜ್ಜಿಯ ಕಾಸಿನ ಸರವನ್ನು ಮೊಮ್ಮಗಳು ತಂದುಕೊಟ್ಟಳು. ನಾಳೆ ಅವಳ ಚಿಕ್ಕಪ್ಪ ಬಂದು ‘ಅದು ನಮ್ಮ ಪಾಲಿಗೆ ಬರಬೇಕಾದ್ದು’ ಅಂದರೆ? ವಸ್ತುವಿನ ಹಕ್ಕು ಸರಿಯಾಗಿ ದಾಟಿ ಬಂದಿದೆಯೇ ಎಂದು ಖಾತ್ರಿಮಾಡಿಕೊಳ್ಳದೆ ಏನನ್ನೂ ಸಂಗ್ರಹಕ್ಕೆ ಸೇರಿಸಬೇಡಿ ಎಂದು ಐಕಾಮ್‌ನ ನೀತಿಸಂಹಿತೆಯೂ ಹೇಳುತ್ತದೆ. ಹೀಗಾಗಿ ದಾನಪತ್ರ ಎಂಬ ಒಂದು ಹಾಳೆ ಬೇಕೇ ಬೇಕು. ದಾನವೇ, ಕಡವೇ? ಫೋಟೊ ತೆಗೆಯಬಹುದೇ? ಹೆಸರು ಹಾಕಬಹುದೇ? ಬೇರೆ ಊರಿನ ಪ್ರದರ್ಶನಕ್ಕೆ ಒಯ್ಯಬಹುದೇ? ಭಾವುಕರಾಗಿ ವಸ್ತು ತಂದವರ ಮುಂದೆ ಫಾರಂ ಹಿಡಿಯುವುದು ಒರಟುತನ ಅನ್ನಿಸಬಹುದು. ಹಿಡಿಯದಿದ್ದರೆ ಓತಿಕ್ಯಾತನ ಜನ್ಮ.

ಇನ್ನು ಏನನ್ನು ಕೇಳಬೇಕು ಎಂಬ ಪ್ರಶ್ನೆ. ‘ನಿಮಗೆ ಪ್ರಿಯವಾದ ಏನನ್ನಾದರೂ ತನ್ನಿ’ ಎಂದು ಕರ್ನಾಟಕದ ಯಾವುದೇ ಊರಲ್ಲಿ ಜಾಹೀರಾತು ಕೊಟ್ಟು ನೋಡಿ. ಗಾಜಿನ ಪೆಟ್ಟಿಗೆಯ ಸ್ಮರಣಿಕೆಗಳು ಬರುತ್ತವೆ, ಶಾಲುಗಳು ಬರುತ್ತವೆ, ಮದುವೆಗೆ ಬಂದು ಇನ್ನೂ ಡಬ್ಬಿ ಒಡೆಯದ ಗೋಡೆ ಗಡಿಯಾರಗಳು ಬರುತ್ತವೆ. ಹಾರ ತುರಾಯಿ ಶಾಲು ಸ್ಮರಣಿಕೆಗಳ ಕಾಟ ಎಷ್ಟಿತ್ತೆಂದರೆ 2021ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸರ್ಕಾರಿ ಸಮಾರಂಭಗಳಲ್ಲಿ ಅವನ್ನೆಲ್ಲ ಬಿಟ್ಟು ಕನ್ನಡ ಪುಸ್ತಕ ಕೊಡಿ ಎಂದು ಹೇಳಬೇಕಾಯಿತು. ಪ್ರಶ್ನೆ ಅಗಲವಾದಷ್ಟೂ ಉತ್ತರ ತೆಳ್ಳಗಾಗುತ್ತದೆ.

ಪ್ರಶ್ನೆಯನ್ನು ಕಿರಿದು ಮಾಡಿ ಗೆದ್ದವರು ಕ್ರೊಯೇಷಿಯಾದ ಜಾಗ್ರೆಬ್‌ನ ಒಲಿಂಕಾ ವಿಶ್ಟಿತ್ಸಾ ಮತ್ತು ದ್ರಾಜೆನ್ ಗ್ರುಬಿಶಿಚ್. ನಾಲ್ಕು ವರ್ಷ ಜೊತೆಗಿದ್ದು 2003ರಲ್ಲಿ ದೂರವಾದ ಜೋಡಿ. ಬೇರೆಯಾಗುವಾಗ ಸಾಮಾನು ಹಂಚಿಕೊಳ್ಳಬೇಕಲ್ಲ. ಒಂದು ಕೀಲಿ ಕೊಡುವ ಆಟಿಕೆ ಮೊಲ ಇತ್ತು. ಇಬ್ಬರಲ್ಲಿ ಯಾರು ಒಂಟಿಯಾಗಿ ಪ್ರವಾಸ ಹೋದರೂ ಮೊಲ ಅವರ ಜೊತೆ ಹೋಗಬೇಕು, ಅಲ್ಲಲ್ಲಿ ಫೋಟೊ ತೆಗೆಸಿಕೊಳ್ಳಬೇಕು ಎಂಬ ಒಪ್ಪಂದವಿತ್ತು. ಈಗ ಮೊಲ ಯಾರಿಗೆ? ಎಸೆಯಲೂ ಆಗದ, ಇಟ್ಟುಕೊಳ್ಳಲೂ ಆಗದ ಇಂಥ ವಸ್ತುಗಳಿಗೆ ಒಂದು ಜಾಗ ಇರಬೇಕಿತ್ತು ಎಂಬ ಮಾತು ಬೆಳೆದು, 2006ರಲ್ಲಿ ಒಂದು ಪ್ರದರ್ಶನವಾಯಿತು. ಊರೂರು ಸುತ್ತಿ 2010ರಲ್ಲಿ ಜಾಗ್ರೆಬ್‌ನ ಹಳೇ ಪೇಟೆಯಲ್ಲಿ ‘ಮುರಿದ ಸಂಬಂಧಗಳ ಮ್ಯೂಸಿಯಂ’ ಆಗಿ ನೆಲೆನಿಂತಿತು. ಮರುವರ್ಷವೇ ಯುರೋಪಿನ ಅತ್ಯಂತ ಹೊಸತನದ ಮ್ಯೂಸಿಯಂಗೆ ಕೊಡುವ ಕೆನೆತ್ ಹಡ್ಸನ್ ಪ್ರಶಸ್ತಿ ಬಂತು.

ಅವರ ಬೇಡಿಕೆ ಇಷ್ಟೇ. ಮುಗಿದುಹೋದ ಒಂದು ಸಂಬಂಧದಿಂದ ಉಳಿದ ಒಂದು ವಸ್ತು. ಜೊತೆಗೆ ಅದರ ಕಥೆ. ಹೆಸರು ಬೇಡ, ಸಂಬಂಧ ಎಲ್ಲಿ ನಡೆಯಿತು, ಎಷ್ಟು ಕಾಲ ನಡೆಯಿತು ಎಂಬುದು ಸಾಕು. ಬರ್ಲಿನ್‌ನಿಂದ ಬಂದ ಕೊಡಲಿ ಅಲ್ಲಿ ಬಹಳ ಹೆಸರುವಾಸಿ. ಸಂಗಾತಿ ಇನ್ನೊಬ್ಬಳ ಜೊತೆ ರಜೆಗೆ ಹೋದಾಗ, ಮನೆಯಲ್ಲಿ ಉಳಿದ ಹೆಣ್ಣು ಒಂದು ಕೊಡಲಿ ಕೊಂಡು ತಂದು, ಹೋದವಳು ಬಿಟ್ಟುಹೋಗಿದ್ದ ಪೀಠೋಪಕರಣಗಳನ್ನು ದಿನಕ್ಕೊಂದರಂತೆ ಕಡಿದಳು. ಎರಡು ವಾರ ಕಳೆದು ಅವಳು ಸಾಮಾನು ಒಯ್ಯಲು ಬಂದಾಗ, ಸೌದೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು. ಕೊಡಲಿ ಅಂಗಡಿಯಲ್ಲಿ ಸಿಗುವಂಥದ್ದೇ. ಪಕ್ಕದಲ್ಲಿ ಆ ಹತ್ತು ಸಾಲು ಇಲ್ಲದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂಥ ಯೋಜನೆಗಳಲ್ಲಿ ಕಥೆ ಬರೆಸಿಕೊಳ್ಳುವವರಿಗೆ, ಅಂದರೆ ಕೊಟ್ಟವರ ಎದುರು ಅರ್ಧ ಗಂಟೆ ಕೂತು ಕೇಳಿಸಿಕೊಳ್ಳುವವರಿಗೆ, ವಿನ್ಯಾಸಕಾರರಷ್ಟೇ ಸಂಬಳ ಕೊಡಬೇಕು. ಕೊಡುವವರು ಕಡಿಮೆ.

ಅಳತೆ ಗೊತ್ತುಮಾಡುವುದೂ ಒಂದು ಉಪಾಯ. ಅಮೆರಿಕದಲ್ಲಿ ಏಡ್ಸ್‌ಗೆ ಬಲಿಯಾದವರ ನೆನಪಿಗೆ ಕ್ಲೀವ್ ಜೋನ್ಸ್ ಮತ್ತು ಸಂಗಡಿಗರು ಶುರುಮಾಡಿದ ಕೌದಿಗೆ ಇದ್ದದ್ದು ಮುಖ್ಯವಾಗಿ ಒಂದೇ ನಿಯಮ: ಪ್ರತಿ ತುಂಡೂ ಮೂರು ಅಡಿ ಅಗಲ, ಆರು ಅಡಿ ಉದ್ದ ಇರಬೇಕು. ಒಬ್ಬ ಮನುಷ್ಯನನ್ನು ಮಲಗಿಸುವ ಗುಂಡಿಯ ಅಳತೆ. ಅದರೊಳಗೆ ಏನು ಬೇಕಾದರೂ ಹೊಲಿಯಿರಿ. ಜೀನ್ಸ್, ಟೈ, ಮಗುವಿನ ಗೊಂಬೆ, ಹೆಸರು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಮೈದಾನದಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000. ತೂಕ 54 ಟನ್. ನಿಯಮ ಬಿಗಿಯಾದದ್ದರಿಂದಲೇ ಅಷ್ಟು ಜನ ಸೇರಿಕೊಳ್ಳಲು ಸಾಧ್ಯವಾಯಿತು. ಏನು ಮಾಡಬೇಕು ಎಂದು ತೋಚದೆ ಕೂತವರಿಗೆ ಅಳತೆಯೇ ಕೈಹಿಡಿದು ಕೂರಿಸುತ್ತದೆ.

ನಾವು ಈ ಕಾರಭಾರಕ್ಕೆ ಹೊಸಬರೇನಲ್ಲ. ಹಳೇ ಮೈಸೂರು ಕಡೆಯ ಮದುವೆ ಚಪ್ಪರದ ಬಾಗಿಲಲ್ಲಿ ಮುಯ್ಯಿ ಬರೆಯುವ ಮೇಜನ್ನು ನೆನಪಿಸಿಕೊಳ್ಳಿ. ಮೇಜಿನ ಮೇಲೆ ನೂರು ಪುಟದ ನೋಟ್‌ಬುಕ್, ಮೊದಲ ಹಾಳೆಯ ನಾಲ್ಕು ಮೂಲೆಗೂ ಅರಿಸಿನ, ನೆತ್ತಿಯಲ್ಲಿ ‘ಶ್ರೀ’. ಬರೆಯಲು ಕೂತವರು ಸಾಮಾನ್ಯವಾಗಿ ಊರಿನ ಮೇಷ್ಟ್ರು, ದುಡ್ಡು ಎಣಿಸಿ ಪೆಟ್ಟಿಗೆಗೆ ಹಾಕಲು ಮನೆಯವರೊಬ್ಬರು.

‘ಯಾವೂರು ಯಜಮಾನ್ರೇ?’

‘ಹೊಸಳ್ಳಿ. ಸಣ್ಣತಮ್ಮಣ್ಣನ ಮನೆ ಅಂತ ಬರ್ಕಳಿ ಮೇಷ್ಟ್ರೇ. ನಮ್ ಹುಡುಗನ್ ಮದ್ವೇಲಿ ಇವ್ರು ನೂರಾ ಒಂದು ಮಾಡಿದ್ರು. ಇನ್ನೂರಾ ಒಂದು ಬರ್ಕಳಿ.’

ಊರು, ಮನೆತನ, ಮೊತ್ತ, ಹಿಂದಿನ ಲೆಕ್ಕ, ಎಲ್ಲ ಎರಡು ಸಾಲಿನಲ್ಲಿ ಬಂತು. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿಗೆ ಹೋಗುತ್ತದೆ; ಬೇರೆಯವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಹೊರಬರುತ್ತದೆ. ಉತ್ತರ ಕರ್ನಾಟಕದಲ್ಲಿ ಆಯೇರಿನ ಸೀರೆ, ಧೋತರಕ್ಕೂ ಇಂಥದೇ ಲೆಕ್ಕ ಇರುತ್ತದೆ, ಬರೆದೋ ಬಾಯಿಪಾಠವಾಗಿಯೋ. ಸ್ಟೀಲ್ ಪಾತ್ರೆಗಳದ್ದು ಇನ್ನೂ ಚೆಂದ. ಅಂಗಡಿಯವನು ಗುಂಯ್‌ಗುಡುವ ಪುಟ್ಟ ಯಂತ್ರದಲ್ಲಿ ಕೊಳಗದ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ಮದುವೆಯ ತಾರೀಖು ಕೊರೆದುಕೊಡುತ್ತಾನೆ. ಮೂವತ್ತು ವರ್ಷ ತಿಕ್ಕಿ ತೊಳೆದರೂ ಬೆರಳಿಗೆ ತಗಲುತ್ತದೆ. ಮ್ಯೂಸಿಯಂನವರು ವಸ್ತುವಿನ ಅಡಿಗೆ ಸಣ್ಣದಾಗಿ ಕ್ರಮಸಂಖ್ಯೆ ಬರೆಯುತ್ತಾರಲ್ಲ, ಅದರ ಕೆಲಸವನ್ನೇ ಈ ಹೆಸರೂ ಮಾಡುತ್ತದೆ, ಇನ್ನಷ್ಟು ಅಭಿಮಾನದಿಂದ.

ಮುಯ್ಯಿಯ ಪುಸ್ತಕಕ್ಕೆ ಕೆಟ್ಟ ಮುಖವೂ ಇದೆ. ಕೊಡಲಾಗದವರು ಮದುವೆಗೆ ಬರಲು ಹಿಂಜರಿಯುತ್ತಾರೆ. ಮೈಕಿನಲ್ಲಿ ಮೊತ್ತ ಓದಿ ಹೇಳುವ ಕಡೆಗಳಲ್ಲಂತೂ ಐವತ್ತು ರೂಪಾಯಿಯವರು ಊಟದ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಮ್ಯೂಸಿಯಂಗಳು ಬೆಳ್ಳಿ ತಟ್ಟೆ ಕೊಟ್ಟವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ, ತೂತು ಬಿದ್ದ ಚಪ್ಪಲಿ ಕೊಟ್ಟವರನ್ನು ‘ಸಾರ್ವಜನಿಕರು’ ಎಂದು ಕರೆಯುವುದೂ ಇದೇ ಜಾಯಮಾನ. ಜಾಗ್ರೆಬ್‌ನವರು ಎಲ್ಲರನ್ನೂ ಸಮನಾಗಿ ಅನಾಮಿಕರನ್ನಾಗಿ ಮಾಡಿ ಇದರಿಂದ ಪಾರಾದರು. ಅದು ಪ್ರೇಮದ ವಿಚಾರದಲ್ಲಿ ಸರಿಹೋಯಿತು. ಎಲ್ಲ ಕಡೆ ಸರಿಹೋಗುವುದಿಲ್ಲ.

ಭೋಪಾಲ್‌ನಲ್ಲಿ ಸರಿಹೋಗುತ್ತಿರಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿಯ ಅನಿಲ ದುರಂತಕ್ಕೆ ಮೂವತ್ತು ವರ್ಷ ತುಂಬಿದಾಗ, 2014ರಲ್ಲಿ, ಅಲ್ಲಿ ‘ರಿಮೆಂಬರ್ ಭೋಪಾಲ್ ಮ್ಯೂಸಿಯಂ’ ತೆರೆಯಿತು. ಬದುಕುಳಿದವರು ಮತ್ತು ಹೋರಾಟಗಾರರು ಕಟ್ಟಿಕೊಂಡದ್ದು. ಕ್ಯುರೇಟರ್ ರಮಾ ಲಕ್ಷ್ಮಿ. ಸರ್ಕಾರದ ದುಡ್ಡು, ಕಂಪನಿಗಳ ದುಡ್ಡು ಬೇಡವೆಂದು ಮೊದಲೇ ತೀರ್ಮಾನ. ಅಲ್ಲಿರುವುದು ಸತ್ತ ಮಗುವಿನ ಉಡುಪಿನಂಥ ವಸ್ತುಗಳು. ಜೊತೆಗೆ, ಕೊಟ್ಟವರು ತಮ್ಮ ದನಿಯಲ್ಲೇ ಹೇಳಿದ ಮಾತು. ತಾಯಂದಿರು ಟ್ರಂಕಿನ ತಳದಲ್ಲಿ ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಹೊರತೆಗೆದು ಯಾರೋ ಒಬ್ಬರ ಕೈಗೆ ಕೊಡಬೇಕಾದರೆ, ಆ ಕೈ ಯಾರದ್ದು ಎಂಬುದು ಮುಖ್ಯ. ಇದೇ ಉಡುಪನ್ನು ಒಂದು ಸರ್ಕಾರಿ ಇಲಾಖೆ ಸುತ್ತೋಲೆ ಹೊರಡಿಸಿ ಕೇಳಿದ್ದರೆ ಟ್ರಂಕಿನ ಮುಚ್ಚಳ ತೆರೆಯುತ್ತಿತ್ತೇ? ಅನುಮಾನ. ಯೋಜನೆಯ ಕಾಗದದಲ್ಲಿ ‘ಸಂಗ್ರಹ ಹಂತ: ಮೂರು ತಿಂಗಳು’ ಎಂದು ಬರೆಯುವವರು ಅದಕ್ಕೂ ಮುಂಚೆ ವರ್ಷಗಟ್ಟಲೆ ಓಡಾಟ, ಜೊತೆಗೆ ಕೂತು ಕುಡಿದ ಚಹಾ, ಧರಣಿಯಲ್ಲಿ ಹಿಡಿದ ಬ್ಯಾನರು ಇರಬೇಕಾಗುತ್ತದೆ ಎಂಬುದನ್ನು ಎಲ್ಲಿ ಬರೆಯುತ್ತಾರೋ ಗೊತ್ತಿಲ್ಲ.

ಅಮೃತಸರದ ಟೌನ್‌ಹಾಲ್‌ನಲ್ಲಿ 2017ರಲ್ಲಿ ತೆರೆದ ವಿಭಜನೆಯ ಮ್ಯೂಸಿಯಂ ಕೂಡ ಮನೆಮನೆಯಿಂದ ಬಂದ ವಸ್ತುಗಳಿಂದಲೇ ನಿಂತಿದೆ. ಅಲ್ಲಿ ಒಂದು ಫುಲ್ಕಾರಿ ಕೋಟು ಮತ್ತು ಒಂದು ಚರ್ಮದ ಬ್ರೀಫ್‌ಕೇಸ್ ಇವೆ. ನಿಶ್ಚಿತಾರ್ಥವಾಗಿದ್ದ ಹುಡುಗ ಹುಡುಗಿ ವಿಭಜನೆಯ ಗದ್ದಲದಲ್ಲಿ ಬೇರೆ ಬೇರೆ ದಾರಿಯಲ್ಲಿ ಗಡಿ ದಾಟಿ ಬಂದವರು. ಕೋಟು ಅವಳದ್ದು, ಬ್ರೀಫ್‌ಕೇಸ್ ಅವನದ್ದು. ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಅಕಸ್ಮಾತ್ತಾಗಿ ಎದುರುಬದುರಾದರು, ಮದುವೆಯಾದರು. ಎರಡು ವಸ್ತುಗಳನ್ನು ಬೇರೆ ಬೇರೆ ವಿಭಾಗದಲ್ಲಿ, ಒಂದನ್ನು ಜವಳಿಯಲ್ಲಿ, ಇನ್ನೊಂದನ್ನು ಚರ್ಮದ ಸಾಮಾನಿನಲ್ಲಿ ಇಟ್ಟಿದ್ದರೆ ಯಾವ ತಜ್ಞನೂ ತಪ್ಪು ಅನ್ನುತ್ತಿರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಬೆಳೆದದ್ದು ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಊರೂರು ಅಲೆದು, ಅಟ್ಟ ಹತ್ತಿಳಿದು, ಒನಕೆ, ಕೊಳಗ, ಸೋಮನ ಮುಖ, ತೊಗಲುಗೊಂಬೆ ಹೊತ್ತು ತಂದದ್ದರಿಂದ. ಅದು ಕಲಾಕೃತಿಯ ಯೋಜನೆ ಅಲ್ಲ, ಸಂಗ್ರಹ. ಆದರೂ ಅಂಥ ಸಂಗ್ರಹಗಳ ಮುಂದೆ ನಿಂತಾಗ ಇದನ್ನು ಕೊಟ್ಟ ಮನೆಯವರು ಆವತ್ತು ಏನಂದರು, ಬದಲಿಗೆ ಏನು ಕೇಳಿದರು, ಆಮೇಲೆ ಯಾವತ್ತಾದರೂ ನೋಡಲು ಬಂದರೇ ಅಂತ ಮನಸ್ಸು ಕೆದಕುತ್ತದೆ. ನಮ್ಮ ಹೆಚ್ಚಿನ ಮ್ಯೂಸಿಯಂಗಳಲ್ಲಿ ಫಲಕದ ಮೇಲೆ ಇರುವುದು ವಸ್ತುವಿನ ಹೆಸರು, ಬಹಳವೆಂದರೆ ಜಿಲ್ಲೆ.

ಈಗ ಯಾರಿಗೂ ಇಷ್ಟವಿಲ್ಲದ ಮಾತಿಗೆ ಬರೋಣ: ಹುಳ. ಮನೆಗಳಿಂದ ಬಂದ ಹತ್ತಿ, ಉಣ್ಣೆ, ಮರ, ಕಾಗದದ ಜೊತೆ ನುಸಿ, ಗೆದ್ದಲು, ಜಿರಳೆಮೊಟ್ಟೆ ಎಲ್ಲ ಬರುತ್ತವೆ. ಒಂದು ಸೀರೆಯಿಂದ ಇಡೀ ಸಂಗ್ರಹಕ್ಕೆ ನುಸಿ ದಾಟಬಹುದು. ಆದ್ದರಿಂದ ಬಂದ ವಸ್ತು ನೇರ ಒಳಗೆ ಹೋಗುವಂತಿಲ್ಲ. ಬೇರೆ ಕೋಣೆಯಲ್ಲಿ ಕೆಲವು ದಿನ ಇಟ್ಟು ನೋಡಬೇಕು. ಬಟ್ಟೆಬರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 20 ಡಿಗ್ರಿಗಿಂತ ತಣ್ಣಗಿನ ಫ್ರೀಜರಿನಲ್ಲಿ ಒಂದೆರಡು ವಾರ ಇಡುವುದು ಈಗಿನ ಸಾಮಾನ್ಯ ಪದ್ಧತಿ. ಹೊರತೆಗೆದ ಮೇಲೂ ಕೋಣೆಯ ಶಾಖಕ್ಕೆ ಬರುವ ತನಕ ಕಟ್ಟು ಬಿಚ್ಚಬಾರದು, ಇಲ್ಲದಿದ್ದರೆ ನೀರು ಕಟ್ಟುತ್ತದೆ. ಬಣ್ಣ ಬಳಿದ ಮರ, ಗಾಜು, ದಂತ ಇವಕ್ಕೆ ಈ ಚಳಿ ಆಗದು. ನಮ್ಮವರು ತಾಳೆಗರಿ ಕಟ್ಟಿನ ನಡುವೆ ಬಜೆ, ಬೇವು ಇಡುತ್ತಿದ್ದದ್ದು ದಡ್ಡತನವೇನಲ್ಲ. ಆದರೆ ಇನ್ನೂರು ಮನೆಗಳ ಇನ್ನೂರು ಬಗೆಯ ಸಾಮಾನಿಗೆ ಅದು ಸಾಲದು. ತಿನ್ನುವ ಪದಾರ್ಥದ ವಿಚಾರದಲ್ಲಿ ನಿಷ್ಠುರ ಬೇಕು. ಅಮ್ಮ ಹಾಕಿಟ್ಟ ಕೊನೆಯ ಉಪ್ಪಿನಕಾಯಿ ಭರಣಿ ಅಂತ ಯಾರಾದರೂ ತಂದರೆ ಭರಣಿ ತೆಗೆದುಕೊಳ್ಳಬಹುದೇ ಹೊರತು ಉಪ್ಪಿನಕಾಯಿ ಅಲ್ಲ, ಮತ್ತು ಇದನ್ನು ಕರೆಪತ್ರದಲ್ಲೇ ಹೇಳಿರಬೇಕು.

ಯಾರೂ ಕೇಳದೆಯೇ ವಸ್ತು ಬರಲು ಶುರುವಾದರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕ ನೋಡಬೇಕು. ಮಾಯಾ ಲಿನ್ ವಿನ್ಯಾಸದ, 58,000ಕ್ಕೂ ಹೆಚ್ಚು ಹೆಸರು ಕೆತ್ತಿದ ಆ ಕರಿಕಲ್ಲಿನ ಗೋಡೆ 1982ರಲ್ಲಿ ತೆರೆದಾಗಿನಿಂದ ಜನ ಅದರ ಬುಡದಲ್ಲಿ ಬೂಟು, ಪದಕ, ಪತ್ರ, ಬಿಯರ್ ಡಬ್ಬಿ ಇಟ್ಟುಹೋದರು. ವಿನ್ಯಾಸದಲ್ಲಿ ಇದಕ್ಕೆ ಜಾಗವಿರಲಿಲ್ಲ. ಕಾವಲಿನವರು ದಿನದಿನವೂ ಎತ್ತಿ ಒಳಗಿಡುತ್ತ ಬಂದರು. ಇಂದು ನಾಲ್ಕು ಲಕ್ಷಕ್ಕೂ ಹೆಚ್ಚು ವಸ್ತುಗಳು ಮೇರಿಲ್ಯಾಂಡ್‌ನ ಒಂದು ಉಗ್ರಾಣದಲ್ಲಿವೆ. ಬಿಟ್ಟುಹೋದವರು ಅದನ್ನು ದಾನವಾಗಿ ಕೊಟ್ಟರೋ, ಸತ್ತವರಿಗೆ ಅರ್ಪಿಸಿದರೋ, ಮಳೆಗೆ ಕರಗಲಿ ಅಂತ ಬಿಟ್ಟರೋ? ಸಮಾಧಿಯ ಮೇಲಿಟ್ಟ ಹೂವನ್ನು ಎತ್ತಿ ನಂಬರು ಹಾಕುವ ಹಕ್ಕು ಯಾರಿಗಿದೆ?

ಕೊಡುವ ದಿಕ್ಕನ್ನು ತಿರುಗಿಸಿದ ಕಲಾವಿದರೂ ಇದ್ದಾರೆ. ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ 1991ರಲ್ಲಿ ಮೂಲೆಯೊಂದರಲ್ಲಿ ಬಣ್ಣದ ಕಾಗದ ಸುತ್ತಿದ ಪೆಪ್ಪರ್‌ಮಿಂಟುಗಳನ್ನು ರಾಶಿ ಸುರಿದರು. ಆದರ್ಶ ತೂಕ 175 ಪೌಂಡು, ಅಂದರೆ 79 ಕಿಲೋ. ಏಡ್ಸ್‌ನಿಂದ ಅದೇ ವರ್ಷ ತೀರಿಕೊಂಡ ಸಂಗಾತಿ ರಾಸ್‌ನ ಭಾವಚಿತ್ರ ಅದು. ನೋಡುವವರು ಒಂದೊಂದು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ಭಾವಚಿತ್ರ ಸವೆಯುತ್ತದೆ, ಮ್ಯೂಸಿಯಂ ಮತ್ತೆ ತುಂಬಬಹುದು. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಫಲಕದಿಂದ ರಾಸ್‌ನ ಮತ್ತು ಏಡ್ಸ್‌ನ ಉಲ್ಲೇಖ ಬಿಟ್ಟಾಗ ಜನ ಗಲಾಟೆ ಮಾಡಿದರು, ಫಲಕ ಮತ್ತೆ ಬದಲಾಯಿತು. ಯಾರ ಹೆಸರಲ್ಲಿ ಕೊಡುತ್ತಿದ್ದೀರಿ ಅಂತ ಹೇಳದೆ ಮಿಠಾಯಿ ಹಂಚಿದರೆ ಅದು ಮಿಠಾಯಿ ಮಾತ್ರ.

ಲೀ ಮಿಂಗ್‌ವೇ ಅವರ ‘ಮೂವಿಂಗ್ ಗಾರ್ಡನ್’ ಕೂಡ ಕೊಡುವ ಕೆಲಸವೇ, 2009ರದು. ಉದ್ದನೆಯ ಕಲ್ಲಿನ ಮೇಜಿನ ಸೀಳಿನಲ್ಲಿ ತಾಜಾ ಹೂಗಳು. ಒಂದು ಹೂ ಒಯ್ಯಿರಿ, ಆದರೆ ಹೊರಗೆ ಹೋದ ಮೇಲೆ ನಿಮ್ಮ ಮಾಮೂಲಿ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿರಿ. ದಾರಿಯಲ್ಲಿ ಸಿಕ್ಕ ಅಪರಿಚಿತರೊಬ್ಬರಿಗೆ ಅದನ್ನು ಕೊಟ್ಟುಬಿಡಿ. ಕೊಟ್ಟರೋ ಮನೆಗೆ ಒಯ್ದು ಹೂದಾನಿಗೆ ಸಿಕ್ಕಿಸಿದರೋ ಯಾರೂ ನೋಡುವುದಿಲ್ಲ. ‘ಸಾನಿಕ್ ಬ್ಲಾಸಮ್’ ಎಂಬ 2013ರ ಕೃತಿಯಲ್ಲಿ ಗಾಯಕರೊಬ್ಬರು ನಿಮ್ಮ ಹತ್ತಿರ ಬಂದು, ನಿಮಗೊಂದು ಉಡುಗೊರೆ ಕೊಡಬಹುದೇ ಎಂದು ಕೇಳುತ್ತಾರೆ. ಹೂಂ ಅಂದರೆ ಕುರ್ಚಿಯಲ್ಲಿ ಕೂರಿಸಿ, ನಿಮ್ಮೊಬ್ಬರಿಗಾಗಿ ಶೂಬರ್ಟ್‌ನ ಒಂದು ಹಾಡು ಹಾಡುತ್ತಾರೆ. ಬೇಡ ಅನ್ನುವ ಹಕ್ಕನ್ನು ಮೊದಲು ಕೊಟ್ಟು ಆಮೇಲೆ ಉಡುಗೊರೆ ಕೊಡುವ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ. ವೇದಿಕೆಗೆ ಕರೆದು, ಬೇಡ ಬೇಡ ಅನ್ನುತ್ತಿದ್ದಂತೆಯೇ ತಲೆಗೆ ಪೇಟ ಒತ್ತಿ ಕೂರಿಸುವ ನಾಡಿನವರಿಗೆ ಇದು ಇನ್ನೂ ಹೆಚ್ಚು ಹಿಡಿಸಬೇಕು.

ಕೊನೆಯ ದಿನದ ಲೆಕ್ಕಾಚಾರ ಪ್ರತಿಯೊಬ್ಬರದ್ದೂ ಬೇರೆ. ಯೋಕೋ ಓನೊ ಅವರ ‘ವಿಶ್ ಟ್ರೀ’ಗಳಿಗೆ ಜನ ಕಟ್ಟಿದ ಹರಕೆ ಚೀಟಿಗಳನ್ನು ಬಿಚ್ಚಿ, ಐಸ್‌ಲ್ಯಾಂಡಿನ ವಿದೆಯ್ ದ್ವೀಪದಲ್ಲಿ 2007ರಲ್ಲಿ ನಿಲ್ಲಿಸಿದ ಬೆಳಕಿನ ಸ್ತಂಭಕ್ಕೆ ಸಲ್ಲುವಂತೆ ಕಳಿಸುತ್ತಾರೆ. ಅಹಮದಾಬಾದಿನ ಮಿರ್ಜಾಪುರದಲ್ಲಿ ಅವನಿ ಸೇಠಿ 2013ರಲ್ಲಿ ತೆರೆದ ‘ಕಾನ್‌ಫ್ಲಿಕ್ಟೋರಿಯಂ’ ಎಂಬ ಸಂಘರ್ಷಗಳ ಮ್ಯೂಸಿಯಂನಲ್ಲಿ ಕ್ಷಮೆ ಕೇಳುವ ಮರವೊಂದಿದೆ. ಅಲ್ಲಿ ಕಟ್ಟಿದ ಚೀಟಿಗಳು ಮುಂದಿನವರು ಓದಲಿಕ್ಕೆಂದೇ ನೇತಾಡುತ್ತವೆ. ಲೀ ಅವರ ಪತ್ರ ಬರೆಯುವ ಗೂಡುಗಳಲ್ಲಿ ತೀರಿಹೋದವರಿಗೋ ದೂರವಾದವರಿಗೋ ಬರೆದದ್ದನ್ನು ಅಂಟಿಸಿ ವಿಳಾಸ ಬರೆದರೆ ಮ್ಯೂಸಿಯಂ ಅಂಚೆಗೆ ಹಾಕುತ್ತದೆ. ತೆರೆದಿಟ್ಟರೆ ಬೇರೆಯವರು ಓದಬಹುದು. ಕಳಿಸು, ಇಡು, ಹಿಂದಿರುಗಿಸು, ಸುಡು: ಯಾವುದಾದರೂ ಆಗಬಹುದು, ಕೊಡುವವರಿಗೆ ಮೊದಲೇ ಗೊತ್ತಿದ್ದರೆ.

ಇಂಥದ್ದೊಂದನ್ನು ನಮ್ಮ ಯಾವುದಾದರೂ ಜಿಲ್ಲಾ ಕೇಂದ್ರದ ಮ್ಯೂಸಿಯಂನಲ್ಲಿ ಮಾಡುವುದಾದರೆ ನಾನು ಮೊರದಿಂದ ಶುರುಮಾಡುತ್ತೇನೆ. ಗೌರಿ ಹಬ್ಬದ ಬಾಗಿನಕ್ಕೆ ಅದೇ ಅಳತೆ. ಒಂದು ಮೊರದೊಳಗೆ ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ, ಬೇಳೆಕಾಳು ಜೋಡಿಸಿ ಇನ್ನೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಡುತ್ತಾರೆ. ಮೇದರು ಬಿದಿರಿನಲ್ಲಿ ಹೆಣೆದ ಇನ್ನೂರು ಜೊತೆ ಮೊರ ಮಾಡಿಸಿ, ಅದರೊಳಗೆ ಹಿಡಿಸುವ ವಸ್ತು ಮಾತ್ರ ತನ್ನಿ ಎಂದು ಕೇಳಬಹುದು. ಆದರೆ ಬಾಗಿನ ಕೊಡುವುದೂ ತೆಗೆದುಕೊಳ್ಳುವುದೂ ಮುತ್ತೈದೆಯರ ನಡುವೆ ಮಾತ್ರ ನಡೆಯುವ ವ್ಯವಹಾರ. ಗಂಡ ಸತ್ತವಳು ಬಾಗಿಲ ಸಂದಿಯಲ್ಲಿ ನಿಂತು ನೋಡಬೇಕು, ಮದುವೆಯಾಗದವಳು ಇನ್ನೂ ಕಾಯಬೇಕು, ಜೋಗತಿ, ಮಂಗಳಮುಖಿಯರ ಮಾತು ಬಿಡಿ. ಹಾಗಾಗಿ ಮೊದಲ ಮೊರಗಳು ಅವರ ಮನೆಗಳಿಗೆ ಹೋಗಬೇಕು. ಕೇಳುವ ಪ್ರಶ್ನೆ ಒಂದೇ: ಕೊಡಬೇಕೆಂದಿದ್ದು ಕೊಡಲಾಗದೆ ಉಳಿದದ್ದು ನಿಮ್ಮಲ್ಲಿ ಏನಿದೆ, ಯಾರಿಗೆ ಕೊಡಬೇಕೆಂದಿದ್ದಿರಿ? ಮುಚ್ಚಿದ ಮೊರ ತೆರೆದು ನೋಡಲು ಬಂದವರಿಗೆ ಅವಕಾಶ, ಆದರೆ ಕೊಟ್ಟವರು ಒಪ್ಪಿದ್ದರೆ ಮಾತ್ರ. ಒಪ್ಪದವರದ್ದು ಮುಚ್ಚಿಯೇ ಇರುತ್ತದೆ. ಪಕ್ಕದಲ್ಲಿ ಮುಯ್ಯಿಯದ್ದೇ ಥರದ ಪುಸ್ತಕ, ಮೊತ್ತದ ಕಾಲಂ ಇಲ್ಲದ್ದು. ಮರುವರ್ಷದ ಗೌರಿ ಹಬ್ಬಕ್ಕೆ ವಸ್ತು ವಾಪಸು, ಮೊರ ಕೊಟ್ಟವರಿಗೇ.

ಖರ್ಚು ದೊಡ್ಡದೇನಲ್ಲ. ಮೊರ, ಮೇಜು, ಫಾರಂ, ಕಥೆ ಬರೆದುಕೊಳ್ಳುವ ಇಬ್ಬರಿಗೆ ವರ್ಷದ ಸಂಬಳ, ಒಂದು ದೊಡ್ಡ ಫ್ರೀಜರು, ಅದಕ್ಕೆ ಕರೆಂಟು ಹೋದರೂ ನಡೆಯುವ ಜನರೇಟರು. ಉದ್ಘಾಟನೆಯ ಶಾಮಿಯಾನಕ್ಕೆ, ಗಣ್ಯರ ಶಾಲಿಗೆ ಮೀಸಲಿಟ್ಟ ದುಡ್ಡನ್ನು ಇತ್ತ ತಿರುಗಿಸಿದರೂ ಅರ್ಧ ದಾಟುತ್ತದೆ. ಉಳಿದರ್ಧ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲ ಸಭೆಯಲ್ಲೇ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು.